ಒಂದಕ್ಷರದ ಹುಕುಂ

ಬಸ್ಸು ಗೊಟಗೋಡಿ ಬಿಟ್ಟು ಡಾಂಬರು ರಸ್ತೆಗೆ ಬಂದರೂ ಶಾರವ್ವನ ಬೆರಳುಗಳು ಸುಮ್ಮನಾಗಲಿಲ್ಲ. ತೊಡೆಯ ಮೇಲಿನ ಚೀಲವನ್ನೇ ಕಚೇರಿಗೆ ಹೊಸದಾಗಿ ಬಂದ ಕಂಪ್ಯೂಟರ್ ಯಂತ್ರ ಮಾಡಿಕೊಂಡು ಒತ್ತುತ್ತಲೇ ಇದ್ದವು. ಡಿ ಎರಡು ಸಲ ಒತ್ತಿದರೆ ಇಡೀ ಸಾಲು ಹೋಗಬೇಕು. ಯು ಒತ್ತಿದರೆ ಹೋದದ್ದು ಬರಬೇಕು. ಕಿಟಕಿಯಾಚೆ ಗೋವಿನಜೋಳದ ಹೊಲ, ಬದುವಿನ ಮೇಲೆ ಜಾಲಿಗಿಡಗಳ ಸಾಲು. ಅವಳು ಡಿ ಡಿ ಒತ್ತಿ ಜಾಲಿಯ ಸಾಲನ್ನು ಮನಸ್ಸಿನಲ್ಲೇ ತೆಗೆದುಹಾಕಿದಳು. ಪಾಪ ಅನ್ನಿಸಿ ಯು ಒತ್ತಿ ವಾಪಸು ನಿಲ್ಲಿಸಿದಳು. ಮುಂದಿನ ಸೀಟಿಗೆ ಒರಗಿ ತೂಕಡಿಸುತ್ತಿದ್ದ ಕಂಡಕ್ಟರನನ್ನೂ ತೆಗೆಯಬಹುದಿತ್ತು, ಆದರೆ ಅವನಿಂದ ಇನ್ನೂ ಚಿಲ್ಲರೆ ಬರಬೇಕಿತ್ತು. ತನ್ನ ಹುಚ್ಚಿಗೆ ತಾನೇ ನಕ್ಕಳು. ಪಕ್ಕದಲ್ಲಿ ಕೂತ ಅಪ್ಪ ಭರಮಪ್ಪ, ಹೊಸದಾಗಿ ಒಗೆದ ಅಂಗಿಯ ಕಾಲರು ಚುಚ್ಚುತ್ತಿದ್ದುದರಿಂದ ಕತ್ತು ಆ ಕಡೆ ಈ ಕಡೆ ತಿರುಗಿಸುತ್ತ, "ಯಾಕವ್ವಾ, ಒಬ್ಬಾಕೀನ ನಗಾಕತ್ತೀಯಲ್ಲ" ಎಂದ. "ಏನಿಲ್ಲ ಬಿಡಪ್ಪ" ಎಂದಳು. ಏನಿಲ್ಲ ಹೇಗೆ? ಇವತ್ತು ಸಂಘದ ಅಧ್ಯಕ್ಷರೂ ನಿರ್ದೇಶಕರೂ ಬಂದು ಯಂತ್ರ ನೋಡುತ್ತಾರೆ. ಮೆಚ್ಚಿದರೆ ಯಂತ್ರ ಶಿಗ್ಗಾವಿಯಲ್ಲೇ ಉಳಿಯುತ್ತದೆ, ಅದರ ಮುಂದಿನ ಕುರ್ಚಿ ಅವಳದಾಗುತ್ತದೆ. ಮೆಚ್ಚದಿದ್ದರೆ ಯಂತ್ರ ಬಂದ ದಾರಿಯಲ್ಲೇ ತಡಸದ ಮೇಲೆ ಹುಬ್ಬಳ್ಳಿಗೆ ಹೋಗುತ್ತದೆ, ಅವಳು ಮತ್ತೆ ಟಪಾಲು ಕೋಣೆಗೆ, ಲಕೋಟೆಗೆ ಅಂಟು ಹಚ್ಚುವುದಕ್ಕೆ. ಆ ಅಂಟಿನ ವಾಸನೆ ನೆನೆದರೆ ಸಾಕು, ಅವಳಿಗೆ ಊಟ ಸೇರುತ್ತಿರಲಿಲ್ಲ. ಆ ಕುರ್ಚಿ ಅವಳಿಗೆ ಬೇಕಾಗಿತ್ತು. ಇಷ್ಟು ಆಸೆಯಿಂದ ಅವಳು ಯಾವುದನ್ನೂ ಬೇಡಿರಲಿಲ್ಲ.

ಯಂತ್ರ ಬಂದ ಮೊದಲ ವಾರ ಅದರ ಹತ್ತಿರ ಯಾರೂ ಸುಳಿದಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಕಲಿತು ಬಂದವರು ಹೆಡ್ ಕ್ಲಾರ್ಕ್ ಅನಂತರಾಯರು ಒಬ್ಬರೇ. ಅವರೋ ಬಿಸಿ ಪಾತ್ರೆ ಮುಟ್ಟುವ ಹಾಗೆ ಒಂದು ಬೆರಳಿನಿಂದ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಆದರೆ ಹೇಳಿಕೊಡುವುದರಲ್ಲಿ ಅವರ ಮನೆತನವೇ ಎತ್ತಿದ ಕೈ. ತಲೆತಲಾಂತರದಿಂದ ಪಾಠ ಹೇಳಿದ ಜನ. "ನೋಡವಾ ಶಾರವ್ವಾ, ಇದಕ್ಕ ಎರಡು ಸ್ಥಿತಿ ಅವ. ಒಂದು ಬರಿಯೋ ಸ್ಥಿತಿ, ಇನ್ನೊಂದು ಹುಕುಂ ಸ್ಥಿತಿ. ಬರಿಯೋದ್ರೊಳಗ ಡಿ ಒತ್ತಿದ್ರ ಡಿ ಅಂತನ ಮೂಡ್ತದ. ಹುಕುಮಿನೊಳಗ ಅದ ಡಿ ಒತ್ತಿದ್ರ, ಅದು ಅಕ್ಷರ ಅಲ್ಲ, ಅಪ್ಪಣಿ. ನೀ ಹೇಳಿದ್ದು ಮಾಡಿ ಸುಮ್ನ ನಿಲ್ತದ. ಐ ಅಂದ್ರ ಬರೀಲಿಕ್ಕೆ ಬಿಡ್ತದ, ಮೂಲ್ಯಾಗಿನ ಎಸ್ಕೇಪ್ ಒತ್ತಿದ್ರ ಮತ್ತ ಹುಕುಮಿಗೆ ತಯಾರ ಆಗ್ತದ." ಅವಳು ಕೂತು, ಅವರು ಹೇಳಿದ ಹಾಗೆ, ಡಿ ಎರಡು ಸಲ ಒತ್ತಿದಳು. ಹಸಿರು ಅಕ್ಷರಗಳ ಒಂದು ಉದ್ದನೆಯ ಸಾಲು ಸದ್ದಿಲ್ಲದೆ ಹೋಯಿತು. ಕೆಳಗಿನ ಸಾಲುಗಳು ಒಂದೊಂದು ಹೆಜ್ಜೆ ಮೇಲಕ್ಕೆ ಬಂದು ನಿಂತವು. ಅವಳ ಮೈಯೆಲ್ಲ ಝುಂ ಎಂದಿತು. ಟೈಪ್‌ರೈಟರಿನ ಮೇಲೆ ಒಂದು ತಪ್ಪು ಅಕ್ಷರ ಅಳಿಸಲು ರಬ್ಬರು ತಿಕ್ಕಿ ತಿಕ್ಕಿ ಕಾಗದ ತೂತಾದ ದಿನಗಳು ನೆನಪಾದವು. ಇಲ್ಲಿ ತಿಕ್ಕುವುದಿಲ್ಲ, ಬೇಡುವುದಿಲ್ಲ, ಒಂದಕ್ಷರ ಸಾಕು. ಹಿತ್ತಲಿಗೆ ಹೋಗಿ ನಳದ ನೀರು ಮುಖಕ್ಕೆ ಹಾಕಿಕೊಂಡು ಬಂದು ಮತ್ತೆ ಒತ್ತಿದಳು. ತಪ್ಪಾದ ಕೀಲಿ ಒತ್ತಿದರೆ ಅದು ಬೈಯುವುದಿಲ್ಲ, ಸಣ್ಣಗೆ ಕುಂಯ್ ಎನ್ನುತ್ತದೆ, ಅಷ್ಟೆ. ಹುಕುಂ ಮಾಡುವವರಿಗೆ ಒಳಗೊಳಗೇ ಇಷ್ಟು ಸುಖ ಇರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸಂಜೆ ಮನೆಗೆ ಹೋಗಿ ಅಪ್ಪನ ಮುಖ ನೋಡಲು ನಾಚಿಕೆಯಾಯಿತು.

ಯಾಕೆಂದರೆ ಭರಮಪ್ಪ ಗೊಟಗೋಡಿ ಚಾವಡಿಯಲ್ಲಿ ಊರ ಗೌಡರ ಕೈಕೆಳಗಿನ ವಾಲೀಕಾರ ಆಗಿದ್ದವನು. ಬಾ, ಹೋಗು, ತಾ, ನಿಲ್ಲು: ಗೌಡರ ಬಾಯಿಂದ ಒಂದು ಮಾತಿನ ಮೇಲೆ ಎರಡನೆಯದು ಬೀಳುತ್ತಿರಲಿಲ್ಲ. ಒಮ್ಮೊಮ್ಮೆ ಅದೂ ಇಲ್ಲ, ಬರಿಯ ಬೆರಳು. ಮಾತು ಮುಗಿಯುವ ಮೊದಲೇ ಅಪ್ಪನ ಬಾಯಿಂದ "ಜೀ" ಹೊರಟಿರುತ್ತಿತ್ತು. ಚಿಕ್ಕವಳಿದ್ದಾಗ ಚಾವಡಿಯ ಮೆಟ್ಟಿಲ ಕೆಳಗೆ ನಿಂತು ಅವಳು ಅದನ್ನು ಆಟದ ಹಾಗೆ ನೋಡಿದ್ದಳು. ಗೌಡರ ಮಗ, ಕಾಲೇಜಿನಿಂದ ರಜೆಗೆ ಬಂದಿದ್ದ ಪರಮೇಶಪ್ಪ, ಕುರ್ಚಿಯಲ್ಲಿ ಕಾಲು ಚಾಚಿ ಕೂತು, "ಭರಮ್ಯಾ, ಏಳು. ಭರಮ್ಯಾ, ಕುಂದ್ರು" ಎಂದು ಗೆಳೆಯರಿಗೆ ತಮಾಷೆ ತೋರಿಸುತ್ತಿದ್ದ. ಅಪ್ಪ ಏಳುತ್ತಿದ್ದ, ಕುಕ್ಕರುಗಾಲಲ್ಲಿ ಕೂರುತ್ತಿದ್ದ, ಮತ್ತೆ ಏಳುತ್ತಿದ್ದ. ಅವಳೂ ನಕ್ಕಿದ್ದಳು. ಎಲ್ಲರೂ ನಗುವಾಗ ಮಕ್ಕಳು ನಗದೆ ಏನು ಮಾಡುತ್ತಾರೆ? ಮನೆಯ ಗೋಡೆಗೆ ಬುದ್ಧನ ಫೋಟೋ ಬಂದ ವರ್ಷ ಅಪ್ಪ ಸೊಂಟದ ಪಟ್ಟಿ, ಹಿತ್ತಾಳೆ ಬಿಲ್ಲೆ ಎರಡನ್ನೂ ಚಾವಡಿಗೆ ಒಪ್ಪಿಸಿ ಬಂದ. ಪಟ್ಟಿ ಹೋಯಿತು, "ಜೀ" ಹೋಗಲಿಲ್ಲ. ಇವತ್ತು ಬೆಳಗ್ಗೆ, "ನೀ ಮಷಿನ್ ನಡಸೂದು ಒಮ್ಮಿ ನೋಡಬೇಕವ್ವಾ, ಬರ್ತೇನಿ" ಎಂದಾಗ ಅವಳ ಮನಸ್ಸು ಬೇಡ ಎಂದಿತ್ತು. ಬಾಯಿ ಮಾತ್ರ, "ಅಂಗಿ ಬದಲ ಮಾಡು" ಎಂದಿತು. ಅಪ್ಪ ತಟ್ಟನೆ ಎದ್ದು ಬದಲಾಯಿಸಿದ. ಆ ತಟ್ಟನೆ ಏಳುವುದನ್ನು ನೋಡಿ, ತನ್ನ ದನಿಯಲ್ಲಿ ಯಾರ ದನಿ ಬಂದು ಕೂತಿದೆ ಎಂದು ಅವಳಿಗೆ ಹೊಳೆಯಿತು. ಈಗ ಬಸ್ಸಿನಲ್ಲಿ ಅದನ್ನು ಸರಿಮಾಡಲೆಂದು, "ಕಾಲರ್ ಗುಂಡಿ ಬಿಚ್ಚಕೋಪಾ, ಸೆಕಿ ಐತಿ" ಎಂದು ಮೆತ್ತಗೆ ಹೇಳಿದಳು. ಅಪ್ಪ ಅದನ್ನೂ ತಟ್ಟನೆ ಬಿಚ್ಚಿದ.

ಬೀಜ ಬೆಳೆಗಾರರ ಸಂಘದ ಕಚೇರಿಯಲ್ಲಿ ಗೋದಾಮಿನ ಒಂದು ಮೂಲೆಗೆ ಹಲಗೆ ಬಡಿದು, ಬಾಗಿಲಿಗೆ ಬಟ್ಟೆಯ ಪರದೆ ಇಳಿಬಿಟ್ಟು ಯಂತ್ರದ ಕೋಣೆ ಮಾಡಿದ್ದರು. ಧೂಳು ಕೂತರೆ ಕೆಡುತ್ತದೆ ಎಂದು ಹುಬ್ಬಳ್ಳಿಯ ಕಂಪನಿಯವರು ಹೇಳಿದ್ದರಿಂದ ಚಪ್ಪಲಿ ಹೊರಗೆ ಬಿಡಬೇಕು. ಚಪ್ಪಲಿ ಬಿಟ್ಟ ಮೇಲೆ ನಮ್ಮ ಜನಕ್ಕೆ ಮುಂದಿನದೆಲ್ಲ ತಾನಾಗಿ ಬರುತ್ತದೆ. ಸಂಘದ ಸದಸ್ಯರು ಬಾಗಿಲಲ್ಲಿ ಕೈ ಮುಗಿಯುತ್ತಿದ್ದರು, ಯಾರೋ ಒಬ್ಬರು ಊದಿನಕಡ್ಡಿ ಹಚ್ಚಿ ಅನಂತರಾಯರಿಂದ ಬೈಸಿಕೊಂಡಿದ್ದರು. ಜವಾನ ಗುಡ್ಡಪ್ಪ ಹರಕೆ ತೀರಿಸಲು ಹುಲಗೂರು ದರ್ಗಾಕ್ಕೆ ಹೋಗಿದ್ದ. ಕಸ ಗುಡಿಸುವುದೂ ಅವಳ ಪಾಲಿಗೆ ಬಂತು. ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ಅವನು ಬೆಂಚಿನ ತುದಿಯಲ್ಲಿ, ಯಾರಾದರೂ ಬಂದರೆ ಏಳಲು ಅನುಕೂಲವಾಗುವ ಹಾಗೆ, ಕೂತ. ಒಳಗೆ ಅನಂತರಾಯರು ಮೇಜಿನ ಸುತ್ತ ಓಡಾಡುತ್ತಿದ್ದರು. "ಹೆದರಬ್ಯಾಡವಾ. ಅಧ್ಯಕ್ಷರು ಒಂದು ಪತ್ರ ಕೊಡ್ತಾರ, ಅವರ ಎದುರಿಗೆ ಹೊಡೀಬೇಕು, ಅಷ್ಟ. ಮ್ಯಾಲಿನ ಸಾಲಿಗೆ ಅವರ ಹೆಸರು ಹಾಕಿಟ್ಟೀನಿ, ಅದನ್ನ ನೋಡಿದ್ರ ಅರ್ಧ ಕೆಲಸ ಆಧಂಗ." ಅವಳು ಹೆದರಿರಲಿಲ್ಲ. ಮದುವೆ ಮನೆಯ ಬೆಳಗಿನ ಹಾಗೆ ಒಳಗೆಲ್ಲ ಗದ್ದಲವಾಗಿತ್ತು. ಯಂತ್ರದ ಪರದೆಯ ಮೇಲೆ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಅಧ್ಯಕ್ಷರ ಹೆಸರು, ಅದರ ಕೆಳಗೆ ಸಂಘದ ಹೆಸರು. ಸಂಘ ಕೆಳಗೆ, ಅಧ್ಯಕ್ಷರು ಮೇಲೆ. ಅದು ಅವರದೇ ಅಪ್ಪಣೆ. ಮಿಣುಕುವ ಗುರುತು ಅವರ ಹೆಸರಿನ ಮೊದಲ ಅಕ್ಷರದ ಮೇಲೆ ನಿಂತು ಹುಕುಮಿಗೆ ಕಾಯುತ್ತಿತ್ತು.

ಜೀಪು ಬಂದ ಸದ್ದಾಯಿತು. ಮುಂದೆ ಅಧ್ಯಕ್ಷರು, ಅದೇ ಗೌಡರ ಮಗ ಪರಮೇಶಪ್ಪನವರು, ಅವರ ಹಿಂದೆ ಸವಣೂರಿನ ನಿರ್ದೇಶಕರು, ಹಿರೇಕೆರೂರಿನವರು, ಇನ್ನೂ ಒಬ್ಬರಿಬ್ಬರು. ಬಾಗಿಲಲ್ಲಿ ಚಪ್ಪಲಿ ಕಳಚುವಾಗ ಅಧ್ಯಕ್ಷರ ಕಣ್ಣು ಬೆಂಚಿನ ಮೇಲೆ ಬಿತ್ತು. ಬೆಂಚಿನ ಮೇಲೆ ಯಾರೂ ಇರಲಿಲ್ಲ, ಭರಮಪ್ಪ ಆಗಲೇ ಎದ್ದು ನಿಂತಿದ್ದ. "ಏ, ಗೊಟಗೋಡಿ ಭರಮ್ಯಾ ಅಲ್ಲೇನೋ ನೀ? ಇಲ್ಯಾಕ ಬಂದಿ?" "ಜೀ. ಮಗಳ..." "ಛಲೋ ಆತು. ಇವತ್ತ ಜವಾನಿಲ್ಲಂತ, ಚಪ್ಲಿ ನೋಡ್ಕೋ. ಹೊಸಾವು ಅದಾವ." "ಜೀ" ಎಂದ ಅಪ್ಪ. ಮಗಳು ಎಂಬ ಮಾತು ಯಾರ ಕಿವಿಗೂ ಬೀಳದೆ ಅಲ್ಲೇ ಹೊಸ್ತಿಲ ಮೇಲೆ ಬಿದ್ದಿತು. ಶಾರವ್ವ ಸರಿಸಿದ್ದ ಪರದೆಯ ಸಂದಿಯಿಂದ ಎಲ್ಲ ನೋಡಿದಳು. ಅಪ್ಪ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಜೋಡಿಯನ್ನು ತಿರುಗಿಸಿ, ಹೊರಗೆ ಬಂದವರು ನೇರ ಕಾಲು ತೂರಿಸುವ ಹಾಗೆ ಇಡುತ್ತಿದ್ದ. ಆ ಕೆಲಸವನ್ನೂ ಅವನು ಚೆನ್ನಾಗಿ ಮಾಡುತ್ತಿದ್ದ, ಅದೇ ಅವಳಿಗೆ ತಡೆಯಲಾಗಲಿಲ್ಲ. ಇವನು ನನ್ನಪ್ಪ ಎಂದು ಹೇಳಬೇಕು. ಹೇಳಲು ಇದೇ ಹೊತ್ತು. ಅಧ್ಯಕ್ಷರು ಒಳಗೆ ಬಂದು, "ನೀನೇನು ಶಾರದಾ ಅಂದ್ರ?" ಎಂದರು. ಕಚೇರಿಯ ಕಾಗದದಲ್ಲಿ ಅವಳು ಶಾರದಾ ಬಿ. ಆ ಒಂದು ಬಿ-ಯ ಹಿಂದೆ ಯಾರಿದ್ದಾರೆ ಎಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. "ಹೌದ್ರಿ ಸಾಹೇಬ್ರ" ಎಂದಳು. ಅವರು ಚಾಚಿದ ಪತ್ರ ತೆಗೆದುಕೊಂಡು ಎಡಗಡೆಯ ಹಲಗೆಗೆ ಸಿಕ್ಕಿಸಿದಳು. ಹೇಳುವ ಹೊತ್ತು ಹೋಯಿತು.

ಕಣ್ಣು ಕಾಗದದ ಮೇಲೆ. ಹಾನಗಲ್ಲಿನ ಟೈಪಿಂಗ್ ಕ್ಲಾಸಿನಲ್ಲಿ ರಾಘಣ್ಣ ಮಾಸ್ತರರು ಹೇಳುತ್ತಿದ್ದುದು ಅದೊಂದೇ. ಬೆರಳ ಕಡೆ ನೋಡಬಾರದು, ಮಷಿನ್ ಕಡೆ ನೋಡಬಾರದು. ನೋಡಿದರೆ ವೇಗ ಸಾಯುತ್ತದೆ. ಕೈಗಳ ಮೇಲೆ ಟವೆಲು ಹೊದಿಸಿ ಹೊಡೆಸುತ್ತಿದ್ದರು. ಸೋದರತ್ತೆ ಅಡಿವೆವ್ವನ ಮನೆಯಲ್ಲಿದ್ದುಕೊಂಡು ಕಲಿತ ಆ ವರ್ಷಗಳಲ್ಲಿ ಅವಳ ಕಣ್ಣು ಎಷ್ಟು ಪಳಗಿತ್ತೆಂದರೆ, ಪಕ್ಕದಲ್ಲಿ ಗೋಡೆ ಬಿದ್ದರೂ ಅದು ಕಾಗದದಿಂದ ಏಳುತ್ತಿರಲಿಲ್ಲ. ಅದು ಎಂಥ ಸುಖದ ವಿದ್ಯೆ ಎಂದು ಈಗ ಗೊತ್ತಾಯಿತು. ಕಣ್ಣು ಕಾಗದದ ಮೇಲಿದ್ದರೆ ಬಾಗಿಲ ಕಡೆ ನೋಡಬೇಕಾಗಿಲ್ಲ. ಅಲ್ಲಿ ಯಾರು ಕೂತಿದ್ದಾರೆ, ಯಾರ ಚಪ್ಪಲಿ ಕೈಯಲ್ಲಿದೆ, ಏನೂ ಕಾಣುವುದಿಲ್ಲ, ಮತ್ತು ಇದಕ್ಕೆ ಯಾರೂ ತಪ್ಪು ಹೊರಿಸುವಂತಿಲ್ಲ, ಕಲಿಸಿದ್ದೇ ಹಾಗೆ. ಡಿಯರ್ ಸರ್, ಎಂದು ಶುರುಮಾಡಿದಳು. ಬೆರಳುಗಳು ಹಾರಿದವು. ಬೇಗ ಮುಗಿಯಲಿ, ಬೇಗ ಮೆಚ್ಚಲಿ, ಬೇಗ ಆ ಚಪ್ಪಲಿ ಹಾಕಿಕೊಂಡು ಹೋಗಲಿ. ಹಿಂದಿನಿಂದ ಹಿರೇಕೆರೂರಿನ ನಿರ್ದೇಶಕರು, "ಏನ್ ಸ್ಪೀಡ್ ಐತ್ರಿ ಕೈ, ಕಾಣಸವಲ್ದು" ಎಂದರು. ಅವಳಿಗೆ ರೆಕ್ಕೆ ಬಂತು. ಹತ್ತಿ ಬೀಜದ ಚೀಲಗಳು, ಮಾದರಿ ಪರೀಕ್ಷೆ, ಸಾಗಣೆ ಎಲ್ಲ ಕಣ್ಣಿನಿಂದ ಬೆರಳಿಗೆ ಇಳಿದು ಹೋಗುತ್ತಿದ್ದವು. ಕೊನೆಯ ಚುಕ್ಕೆ ಒತ್ತಿದಾಗ ಮೈ ಬೆವರಿತ್ತು, ತುಟಿಯಲ್ಲಿ ನಗು ಬರುವುದರಲ್ಲಿತ್ತು.

ಅನಂತರಾಯರು ಕೆಮ್ಮಿದರು. ಅವರ ಕೆಮ್ಮಿನಲ್ಲಿ ಸುದ್ದಿ ಇತ್ತು. "ನನ್ನ ಹೆಸರು ಎಲ್ಲಿ ಹೋತು?" ಎಂದರು ಪರಮೇಶಪ್ಪನವರು. ಶಾರವ್ವ ಕಣ್ಣೆತ್ತಿದಳು. ಮೇಲಿನ ಸಾಲು ಬಯಲಾಗಿತ್ತು. ಅದರ ಕೆಳಗೆ ಸಂಘದ ಹೆಸರಿನ ಮೊದಲ ಶಬ್ದ, ಅದಕ್ಕೆ ಅಂಟಿಕೊಂಡು ಒಂದು ಬೋಳು ಆರ್, ಅಲ್ಲಿಂದ ಮುಂದೆ ಅವಳ ಇಡೀ ಪತ್ರ. ಪತ್ರ ಮುಗಿದ ಮೇಲೆ, ಬಾಲದ ಹಾಗೆ, ಸಂಘದ ಹೆಸರಿನ ಉಳಿದ ಭಾಗ. ಒಂದು ಗಳಿಗೆಯಲ್ಲಿ ಎಲ್ಲ ತಿಳಿಯಿತು. ಬರೆಯಲು ಬಿಡು ಎಂದು ಐ ಒತ್ತದೆ ಶುರುಮಾಡಿದ್ದಳು. ಡಿಯರ್ ಶಬ್ದದ ದೊಡ್ಡ ಡಿ ಯಂತ್ರಕ್ಕೆ ಹುಕುಮಾಗಿ ಕೇಳಿಸಿತ್ತು: ಸಾಲು ಇರಲಿ, ಅದರಲ್ಲಿ ಇರುವುದನ್ನೆಲ್ಲ ತೆಗೆ. ತೆಗೆಯಿತು. ಮುಂದಿನ ಇ: ಮುಂದಿನ ಶಬ್ದದ ಕೊನೆಗೆ ನಡೆ. ನಡೆಯಿತು. ಆಮೇಲಿನ ಎ: ಇಲ್ಲಿಂದ ಬರೆಯಲು ಬಿಡು. ಬಿಟ್ಟಿತು. ಡಿಯರ್ ಶಬ್ದದಲ್ಲಿ ಮೂಡಲು ಉಳಿದದ್ದು ಆ ಆರ್ ಒಂದೇ. ಎಷ್ಟು ನಂಬಿಗಸ್ತ ಪ್ರಾಣಿ. ಹೇಳಿದವಳು ಹೇಳಿದ್ದೇನೆಂದು ಅವಳಿಗೇ ಗೊತ್ತಿಲ್ಲ, ಅದು ಮಾತ್ರ ಜೀ ಜೀ ಎಂದು ಮಾಡುತ್ತ ಹೋಗಿದೆ. ಒಮ್ಮೆ ಕಣ್ಣೆತ್ತಿದ್ದರೆ ಸಾಕಾಗಿತ್ತು, ಒಮ್ಮೆ. ಕಣ್ಣೆತ್ತಿದ್ದರೆ ಬಾಗಿಲೂ ಕಾಣುತ್ತಿತ್ತು, ಅದಕ್ಕೇ ಎತ್ತಲಿಲ್ಲ. ನಾಚಿಕೆ ಅಪ್ಪನದಲ್ಲ, ತನ್ನದು, ಎಂದು ಆ ಹಸಿರು ಬೆಳಕಿನೆದುರು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು.

"ಯು ಒತ್ತವಾ, ಯು" ಎಂದು ಅನಂತರಾಯರು ಪಿಸುಗುಟ್ಟಿದರು. ಎಸ್ಕೇಪ್ ಒತ್ತಿ ಯು ಒತ್ತಿದಳು. ಯಂತ್ರಕ್ಕೆ ನೆನಪಿರುವುದು ಕೊನೆಯ ಒಂದು ಕೆಲಸ ಮಾತ್ರ. ಕೊನೆಯ ಕೆಲಸ ಪತ್ರ. ಅಷ್ಟು ಬೆವರು ಸುರಿಸಿ ಹೊಡೆದ ಪತ್ರ ಕಣ್ಣು ಮಿಟುಕಿಸುವುದರೊಳಗೆ ಹೋಯಿತು, ಸಂಘದ ಹೆಸರು ಕೂಡಿಕೊಂಡಿತು, ಮೇಲಿನ ಸಾಲು ಬಯಲಾಗಿಯೇ ಉಳಿಯಿತು. "ಇದ್ದದ್ದೂ ಹೋತಲ್ರಿ" ಎಂದರು ಸವಣೂರಿನವರು. "ಕಳಸೂನು ಬಿಡ್ರಿ ಹುಬ್ಬಳ್ಳಿಗೆ. ನಮ್ಮಂಥವರಿಗಲ್ಲ ಇದು." ಅಧ್ಯಕ್ಷರು ಬಯಲಾದ ಸಾಲನ್ನು ನೋಡುತ್ತಿದ್ದರು. ಶಾರವ್ವನಿಗೆ ಅಂಟಿನ ವಾಸನೆ ಬಂತು. ಆದರೆ ಅದರ ಜೊತೆಗೇ ಹೊಟ್ಟೆಯೊಳಗಿಂದ ಇನ್ನೊಂದು ಎದ್ದಿತು, ಬಸ್ಸಿನಲ್ಲಿ ಎದ್ದಿದ್ದ ಅದೇ ಹುಚ್ಚು ಹುರುಪು. ತೆಗೆದದ್ದನ್ನು ಯಂತ್ರ ಎಸೆಯುವುದಿಲ್ಲ. ಇನ್ನೊಂದನ್ನು ತೆಗೆಯುವವರೆಗೆ ಕೈಯಲ್ಲಿ ಹಿಡಿದುಕೊಂಡೇ ನಿಂತಿರುತ್ತದೆ. ಪಿ ಎಂದರೆ ಸಾಕು, ಇಡು ಎಂದ ಕಡೆ ಇಡುತ್ತದೆ. ಗುರುತನ್ನು ಮೇಲಿನ ಬಯಲು ಸಾಲಿಗೆ ಏರಿಸಿದಳು. ಬೆರಳು ಪಿ ಮೇಲೆ ಹೋಗಿ ನಿಂತಿತು, ಒತ್ತಲಿಲ್ಲ. ಈಗ ಅವಳು ಬಾಗಿಲ ಕಡೆ ನೋಡಿದಳು. ಒಳಗಿನ ಮಾತು ಕೇಳಿ ಅಪ್ಪ ಎದ್ದು ನಿಂತಿದ್ದ. ಕೈಯಲ್ಲಿ ಅಧ್ಯಕ್ಷರ ಒಂದು ಚಪ್ಪಲಿ ಹಾಗೇ ಇತ್ತು. ಗೌಡರು ಸಿಟ್ಟಾದಾಗ ಆಗುತ್ತಿದ್ದ ಮುಖ. ಆದರೆ ಈ ಸಲ ಆ ಹೆದರಿಕೆ ತನಗಾಗಿ ಅಲ್ಲ, ಅವಳಿಗಾಗಿ.

"ಅಪ್ಪಾ" ಎಂದಳು. ಕೋಣೆಯಲ್ಲಿದ್ದವರೆಲ್ಲ ಯಾರನ್ನು ಕರೆದಳೆಂದು ತಿರುಗಿ ನೋಡಿದರು. "ಬಾ ಒಳಗ."

"ಜೀ" ಎಂದ ಭರಮಪ್ಪ. ಚಪ್ಪಲಿ ಅಲ್ಲೇ ಬಿದ್ದಿತು. ಯಾರು ಕರೆದರು, ಯಾಕೆ ಎಂದು ಯೋಚನೆ ಬರುವ ಮೊದಲೇ ಅವನ ಕಾಲು ಹೊಸ್ತಿಲು ದಾಟಿತ್ತು. ಶಾರವ್ವ ಎದ್ದು ನಿಂತಳು. ಕೋಣೆಯಲ್ಲಿ ಇದ್ದದ್ದು ಅದೊಂದೇ ಕುರ್ಚಿ.

"ಕುಂದ್ರು."

ಅದೇ ದನಿ. ಬೆಳಗ್ಗೆ ಅವಳನ್ನು ನಾಚಿಸಿದ ದನಿ. ಈಗ ಬೇಕೆಂದೇ ಬಳಸಿದಳು, ಮೆತ್ತಗೆ ಕೇಳಿದರೆ ಅಪ್ಪ ಈ ಜನ್ಮದಲ್ಲಿ ಅಲ್ಲಿ ಕೂರುವವನಲ್ಲ ಎಂದು ಗೊತ್ತಿತ್ತು. ಭರಮಪ್ಪ ಕೂತ. ಕೂತ ಮೇಲೆ ಎಲ್ಲಿ ಕೂತೆನೆಂದು ತಿಳಿದು ಏಳಲು ಹೋದ. ಅವಳ ಕೈ ಅವನ ಹೆಗಲ ಮೇಲಿತ್ತು. ಅನಂತರಾಯರು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಮಾಡಿದರು. ಪರಮೇಶಪ್ಪನವರು ನಿಂತಿದ್ದರು, ಬರಿಗಾಲಲ್ಲಿ. "ಇದನ್ನ ಒತ್ತಪ್ಪಾ, ಇದೊಂದನ್ನ" ಎಂದು ತೋರಿಸಿದಳು. ಅಪ್ಪ ಬೆರಳನ್ನು ಧೋತರಕ್ಕೆ ಒರೆಸಿದ, ಇನ್ನೊಮ್ಮೆ ಒರೆಸಿದ, ಒತ್ತಿದ. ಬಯಲಾಗಿದ್ದ ಸಾಲಿನಲ್ಲಿ ಅಧ್ಯಕ್ಷರ ಹೆಸರು, ಪದವಿ ಸಮೇತ, ಒಂದಕ್ಷರ ಕೆಡದೆ ಬಂದು ಕೂತಿತು.

ಯಾರೋ "ಅಬ್ಬಾ" ಎಂದರು. ಪರಮೇಶಪ್ಪನವರು ಪರದೆಯ ಹತ್ತಿರಕ್ಕೆ ಬಾಗಿ ತಮ್ಮ ಹೆಸರನ್ನು ತಾವೇ ಓದಿಕೊಂಡರು. ಅವರ ಮುಖದಲ್ಲಿ ಚಾವಡಿಯ ಆ ಹುಡುಗಾಟಿಕೆ ಹಣಿಕಿತು. "ಛಲೋ ಐತಿ ಇದು. ಇನ್ನೊಮ್ಮಿ ಒತ್ತು ಭರಮ್ಯಾ, ನೋಡೂನು."

ಭರಮಪ್ಪನ ಬಾಯಿ ತೆರೆಯಿತು. ಜೀ ಬರಲಿಲ್ಲ. ಬೆರಳು ಕೀಲಿಯ ಮೇಲೆ ಇತ್ತು, ಇಳಿಯಲಿಲ್ಲ. ಅವನು ಅಧ್ಯಕ್ಷರನ್ನು ನೋಡದೆ ಕತ್ತು ತಿರುಗಿಸಿ, ಹಿಂದೆ ನಿಂತ ಮಗಳನ್ನು ನೋಡಿದ.

"ಒತ್ತಲೇನವ್ವಾ?"

ಕುರ್ಚಿ, ಯಂತ್ರ, ಟಪಾಲು ಕೋಣೆ, ಎಲ್ಲ ಆ ಬೆರಳಿನ ತುದಿಯಲ್ಲಿತ್ತು. ಒತ್ತಿದರೆ ಅಧ್ಯಕ್ಷರು ನಗುತ್ತಾರೆ, ಎಲ್ಲರೂ ನಗುತ್ತಾರೆ, ಕೆಲಸ ಆಗಿಹೋಗುತ್ತದೆ. ಶಾರವ್ವನಿಗೆ ಆ ನಗು ಈಗಲೇ ಕೇಳಿಸಿತು. ಅದರೊಳಗೆ ಚಾವಡಿಯ ಮೆಟ್ಟಿಲ ಕೆಳಗಿನ ಒಬ್ಬ ಹುಡುಗಿಯ ನಗುವೂ ಕೇಳಿಸಿತು.

"ಬ್ಯಾಡಪ್ಪ. ಒಮ್ಮಿ ಸಾಕು. ಇನ್ನೊಮ್ಮಿ ಒತ್ತಿದ್ರ ಸಾಹೇಬ್ರ ಹೆಸರು ಎರಡು ಸಲ ಆಕ್ಕತಿ, ತಪ್ಪಾಕ್ಕತಿ."

ಭರಮಪ್ಪ ಬೆರಳು ಎತ್ತಿಕೊಂಡ. ಪರಮೇಶಪ್ಪನವರು ನೆಟ್ಟಗಾದರು. ಕುರ್ಚಿಯನ್ನು ನೋಡಿದರು, ಅದರ ಹಿಂದೆ ನಿಂತವಳನ್ನು ನೋಡಿದರು. "ಇವ ನಿಮ್ಮಪ್ಪೇನು?" "ಹೌದ್ರಿ. ನಮ್ಮಪ್ಪ." ಅವರು ಯಾರ ಕಡೆಯೂ ನೋಡದೆ, "ಅನಂತರಾಯರ, ಹುಬ್ಬಳ್ಳಿಗೆ ಫೋನ್ ಹಚ್ಚಿ ಹೇಳ್ರಿ, ಮಷಿನ್ ಇಲ್ಲೇ ಇರ್ತೈತಿ ಅಂತ. ಪತ್ರ ಮುಗಿಸಿ ಸಂಜಿಕ್ಕ ಸಹಿಗೆ ಕಳಿಸ್ರಿ" ಎಂದರು. "ಈಕಿ ಕಡೇನ ಹೊಡಸ್ರಿ" ಎಂಬುದನ್ನು ಬಾಗಿಲಲ್ಲಿ ನಿಂತು ಹೇಳಿದರು. ಹೊರಗೆ ಅವರು ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ತಾವೇ ಹುಡುಕುವ ಸದ್ದು ಕೇಳಿಸಿತು.

ಶಾರವ್ವನಿಗೆ ಕುಣಿಯಬೇಕು ಅನ್ನಿಸಿತು, ಅಳಬೇಕು ಅನ್ನಿಸಿತು, ಎರಡಕ್ಕೂ ಕೋಣೆ ಸಣ್ಣದಾಗಿತ್ತು. ಹಲಗೆಗೆ ಸಿಕ್ಕಿಸಿದ ಪತ್ರ ಹಾಗೇ ಇತ್ತು. ಅಪ್ಪನ ಎರಡೂ ಹೆಗಲ ಮೇಲಿಂದ ಕೈ ಚಾಚಿ, ಗುರುತನ್ನು ಸಂಘದ ಹೆಸರಿನ ಕೆಳಗೆ ಇಳಿಸಿ, ಈ ಸಲ ಮರೆಯದೆ ಐ ಒತ್ತಿ, ಪರದೆಯ ಮೇಲೇ ಕಣ್ಣಿಟ್ಟು, ಡಿಯರ್ ಸರ್ ಎಂದು ಮೊದಲಿನಿಂದ ಶುರುಮಾಡಿದಳು. ಒಂದೊಂದೇ ಅಕ್ಷರ ಮೂಡುವುದನ್ನು ಭರಮಪ್ಪ ಬಾಯಿ ತೆರೆದು ನೋಡುತ್ತ ಕುರ್ಚಿಯಲ್ಲೇ ಇದ್ದ. ಅವನು ಏಳಲಿಲ್ಲ. ಅವಳು ಏಳು ಎಂದಿರಲಿಲ್ಲ.